ಸ್ಮಾರ್ಟ್ ತರಗತಿಗೆ ಮೊದಲು ಬೇಕಾದದ್ದು

ಕಲಬುರಗಿ ಜಿಲ್ಲೆಯ ಚಿತ್ತಾಪುರದ ಕಡೆ ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಕಲಿಸುವ ನನಗೆ ಪಾಠದ ಜೊತೆಗೆ ಕಂಪ್ಯೂಟರ್ ಕೋಣೆಯ ಉಸ್ತುವಾರಿಯೂ ಇದೆ. ಸ್ಮಾರ್ಟ್ ಬೋರ್ಡ್, ಪ್ರೊಜೆಕ್ಟರ್, ಟ್ಯಾಬ್ ಎಂದು ಹೊಸ ಸಾಮಾನು ಶಾಲೆಗೆ ಬಂದಾಗಲೆಲ್ಲ ಊರಿನವರಿಗೂ ಮಕ್ಕಳಿಗೂ ಆಗುವ ಸಂತೋಷವನ್ನು ಕಂಡಿದ್ದೇನೆ; ಅದರಲ್ಲಿ ನನ್ನ ಪಾಲೂ ಇದೆ. ಆದರೆ ಆ ಸಾಮಾನು ಎರಡನೆಯ ಬೇಸಿಗೆಯನ್ನು ದಾಟಬೇಕಾದರೆ ಗೋಡೆಯೊಳಗಿನ ವೈರಿಂಗ್, ಅಂಗಳದ ಅರ್ಥಿಂಗ್, ರಸ್ತೆ ಬದಿಯ ಫೈಬರ್, ತಿಂಗಳ ಬಿಲ್ಲು ಎಲ್ಲವೂ ಮೊದಲೇ ಸರಿಯಾಗಿರಬೇಕು. ಯೋಜನೆ ತಯಾರಿಸುವಾಗ ಎಲ್ಲರಿಗೂ ಕೊನೆಯಲ್ಲಿ ನೆನಪಾಗುವುದು ಇವೇ.

ಹಣವೇ ಇಲ್ಲ ಎನ್ನುವಂತಿಲ್ಲ. 2012ರ 98ನೇ ತಿದ್ದುಪಡಿಯ ಮೂಲಕ ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನ ಕೊಡುವ 371ಜೆ ವಿಧಿ ಸಂವಿಧಾನಕ್ಕೆ ಸೇರಿದ ಮೇಲೆ ನಮ್ಮ ಭಾಗದ ಅಭಿವೃದ್ಧಿಗೆಂದೇ ಮಂಡಳಿಯೊಂದು ರೂಪುಗೊಂಡು, ಶಾಲಾ ಕೊಠಡಿಗಳಿಗೂ ಉಪಕರಣಗಳಿಗೂ ಅನುದಾನ ಬರುತ್ತಿದೆ. ಖರೀದಿಗೆ ಸಿಗುವ ಹಣ ಒಂದು ಬಾರಿಯದು. ಬ್ಯಾಟರಿ, ಪ್ರೊಜೆಕ್ಟರ್ ದೀಪ, ಇಂಟರ್ನೆಟ್ ಬಾಡಿಗೆ ವರ್ಷವರ್ಷವೂ ಬರುವ ಖರ್ಚು. ಸಮಗ್ರ ಶಿಕ್ಷಾ ಅಭಿಯಾನದ ಮಾನದಂಡದಂತೆ 100ಕ್ಕಿಂತ ಹೆಚ್ಚು, 250ರವರೆಗೆ ಮಕ್ಕಳಿರುವ ಶಾಲೆಗೆ ವರ್ಷಕ್ಕೆ 50,000 ರೂಪಾಯಿ ಶಾಲಾ ಅನುದಾನ. ಸೀಮೆಸುಣ್ಣ, ದಾಖಲೆ ಪುಸ್ತಕ, ನಲ್ಲಿ ರಿಪೇರಿ, ಸ್ವಚ್ಛತೆ ಎಲ್ಲವನ್ನೂ ಅದರಲ್ಲೇ ತೂಗಿಸಬೇಕಾದ ಮುಖ್ಯ ಶಿಕ್ಷಕರು ಇಂಟರ್ನೆಟ್ ಬಿಲ್ಲನ್ನು ಮುಂದೂಡಿದರೆ ಅವರನ್ನು ದೂರಲು ನನಗೆ ಮನಸ್ಸು ಬರುವುದಿಲ್ಲ.

ಗ್ರಾಮ ಪಂಚಾಯತಿಗಳಿಗೆ ಆಪ್ಟಿಕಲ್ ಫೈಬರ್ ತಲುಪಿಸುವ ಯೋಜನೆಗೆ ಕೇಂದ್ರ ಸರ್ಕಾರ ಒಪ್ಪಿಗೆ ಕೊಟ್ಟದ್ದು 2011ರಲ್ಲಿ. ಅದೇ ಮುಂದೆ ಭಾರತ್‌ನೆಟ್ ಆಯಿತು. ಗ್ರಾಮೀಣ ಭಾಗದ ಎಲ್ಲ ಸರ್ಕಾರಿ ಮಾಧ್ಯಮಿಕ ಶಾಲೆಗಳಿಗೂ ಬ್ರಾಡ್‌ಬ್ಯಾಂಡ್ ಕೊಡುವುದಾಗಿ 2025ರ ಬಜೆಟ್‌ನಲ್ಲಿ ಘೋಷಿಸಲಾಯಿತು. ಇದು ನಿಜಕ್ಕೂ ದೊಡ್ಡ ಮಾತು. ಆದರೆ ಪಂಚಾಯತಿ ಕಟ್ಟಡದಿಂದ ಶಾಲೆಯವರೆಗಿನ ತಂತಿಯನ್ನು ಯಾರು ಎಳೆಯಬೇಕು, ಕಡಿದುಹೋದರೆ ಯಾರು ಜೋಡಿಸಬೇಕು ಎಂಬುದು ಶಾಲೆಯ ಗೋಡೆಯ ಮೇಲೆ ಫೋನ್ ನಂಬರಿನ ಸಮೇತ ಬರೆದಿರಬೇಕು. ರಸ್ತೆ ಅಗಲ ಮಾಡುವ ಜೆಸಿಬಿಯ ಹಲ್ಲು ಕೇಬಲ್ಲಿಗೆ ತಾಗಿದರೆ ಸಾಕು, ಗೋಡೆಯ ಬಿಳಿ ಪೆಟ್ಟಿಗೆಯಲ್ಲಿ ಎಲ್‌ಒಎಸ್ ಎಂಬ ಕೆಂಪು ದೀಪ ಮಿಣುಕಲು ಶುರುವಾಗುತ್ತದೆ. ಬೆಳಕಿನ ಸಂಕೇತ ಬರುತ್ತಿಲ್ಲ ಎಂದು ಅದರ ಅರ್ಥ. ಆಗ ಮಾಸ್ತರರು ತಮ್ಮ ಮೊಬೈಲನ್ನು ಕಿಟಕಿಯ ಸರಳಿಗೆ ಆನಿಸಿಟ್ಟು ಹಾಟ್‌ಸ್ಪಾಟ್ ಹಾಕುತ್ತಾರೆ, ಸ್ವಂತ ಡೇಟಾದಲ್ಲಿ ಪಾಠ ಮುಗಿಸುತ್ತಾರೆ. ಎಷ್ಟೋ ಶಾಲೆಗಳಲ್ಲಿ ಇದು ದಿನನಿತ್ಯದ ವ್ಯವಸ್ಥೆಯೇ ಆಗಿಬಿಟ್ಟಿರುವುದು ನನಗೆ ನೋವಿನ ಸಂಗತಿ.

ಇನ್ನು ವೇಗದ ಲೆಕ್ಕ. 480ಪಿ ಗುಣಮಟ್ಟದ ವಿಡಿಯೊಗೆ ಸೆಕೆಂಡಿಗೆ ಸುಮಾರು 1 ಮೆಗಾಬಿಟ್, 720ಪಿ ವಿಡಿಯೊಗೆ 2ರಿಂದ 3 ಮೆಗಾಬಿಟ್ ಬೇಕು. ಪ್ರೊಜೆಕ್ಟರಿನಲ್ಲಿ ಒಂದೇ ವಿಡಿಯೊ ತೋರಿಸುವುದಾದರೆ ಸಾಧಾರಣ ಸಂಪರ್ಕವೇ ಸಾಕು. 40 ಮಕ್ಕಳು 40 ಟ್ಯಾಬ್‌ಗಳಲ್ಲಿ ಬೇರೆ ಬೇರೆಯಾಗಿ ತೆರೆದರೆ ಅದೇ ಸಂಪರ್ಕ ಉಸಿರು ಬಿಡುತ್ತದೆ. ಅದೇ ಹೊತ್ತಿಗೆ ಕಚೇರಿಯಲ್ಲಿ ಎಸ್‌ಎಟಿಎಸ್, ಯುಡೈಸ್ ಎಂಬ ಸರ್ಕಾರಿ ಜಾಲತಾಣಗಳಿಗೆ ಮಕ್ಕಳ, ಶಾಲೆಯ ಮಾಹಿತಿ ತುಂಬುವ ಕೆಲಸ ನಡೆದಿದ್ದರೆ ತರಗತಿಯ ಸರದಿ ಹಿಂದೆ ಬೀಳುತ್ತದೆ. ನಮ್ಮ ಕಡೆಯ ಹಳೆಯ ಕಟ್ಟಡಗಳ ಗೋಡೆಗಳು ಶಹಾಬಾದಿ ಕಲ್ಲಿನವು, ಬಹಳ ದಪ್ಪ. ಮುಖ್ಯ ಶಿಕ್ಷಕರ ಕೋಣೆಯಲ್ಲಿಟ್ಟ ವೈಫೈ ಪೆಟ್ಟಿಗೆಯ ಸಂಕೇತ ಅಂಥ ಎರಡು ಗೋಡೆ ದಾಟುವಷ್ಟರಲ್ಲಿ ಸೊರಗುತ್ತದೆ, ವೈಫೈನ 5 ಗಿಗಾಹರ್ಟ್ಸ್ ತರಂಗದ್ದು ಇನ್ನೂ ಬೇಗ. ಹಾಗಾಗಿ ಪಾಠ ನಡೆಯುವ ಕೋಣೆಯವರೆಗೆ ಕೇಬಲ್ ಎಳೆದು ಅಲ್ಲಿಯೇ ವೈಫೈ ಬಿತ್ತರಿಸುವ ಒಂದು ಆಕ್ಸೆಸ್ ಪಾಯಿಂಟ್ ಹಾಕುವುದೇ ಸರಿಯಾದ ದಾರಿ.

ಎಲ್ಲಕ್ಕಿಂತ ಹೆಚ್ಚು ಹಾನಿ ಆಗುವುದು ಬಿಸಿಲು ಮತ್ತು ಕರೆಂಟಿನಿಂದ. ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿ ಉಷ್ಣಾಂಶ 40 ಡಿಗ್ರಿ ಮೀರುವುದು ಸಾಮಾನ್ಯ. ಸರ್ಕಾರಿ ಕಚೇರಿಗಳ ವೇಳೆಯನ್ನೇ ಬೆಳಿಗ್ಗೆಗೆ ಬದಲಿಸುವ ನಾಡು ಇದು. ಯುಪಿಎಸ್‌ನಲ್ಲಿರುವ ಸೀಸದ ಬ್ಯಾಟರಿಯ ಆಯುಷ್ಯವನ್ನು ಲೆಕ್ಕ ಹಾಕುವುದು 25 ಡಿಗ್ರಿಗೆ, ಅಲ್ಲಿಂದ ಮೇಲೆ ಪ್ರತಿ 10 ಡಿಗ್ರಿಗೆ ಅದು ಸುಮಾರು ಅರ್ಧಕ್ಕೆ ಇಳಿಯುತ್ತದೆ. ಕಿಟಕಿ ಮುಚ್ಚಿ ಬೀಗ ಹಾಕಿದ ಕಂಪ್ಯೂಟರ್ ಕೋಣೆಯಲ್ಲಿ ರಜೆಯುದ್ದಕ್ಕೂ ಬೇಯುವ ಬ್ಯಾಟರಿ ಜೂನ್‌ನಲ್ಲಿ ಶಾಲೆ ತೆರೆದಾಗ ಉಬ್ಬಿಕೊಂಡಿರುವುದರಲ್ಲಿ ಆಶ್ಚರ್ಯವಿಲ್ಲ. ಅರ್ಥಿಂಗಿನದೂ ಇದೇ ಕಥೆ. ನಮ್ಮ ಎರೆ ಭೂಮಿ ಬೇಸಿಗೆಯಲ್ಲಿ ಒಣಗಿ ಬಾಯಿ ಬಿಟ್ಟಾಗ ನೆಲಕ್ಕೂ ಅರ್ಥಿಂಗ್ ಕಂಬಿಗೂ ಇರುವ ಹಿಡಿತ ಸಡಿಲವಾಗಿ, ವಿದ್ಯುತ್ತಿಗೆ ಮಣ್ಣಿನೊಳಗೆ ಇಳಿಯುವ ದಾರಿ ಸಿಗದಂತಾಗುತ್ತದೆ. ಸರಿಯಾಗಿ ಅದೇ ಹೊತ್ತಿಗೆ ಗುಡುಗು ಮಿಂಚಿನ ಮುಂಗಾರುಪೂರ್ವ ಮಳೆ ಬರುತ್ತದೆ. ಅರ್ಥಿಂಗ್ ಗುಂಡಿಗೆ ವಾರಕ್ಕೊಮ್ಮೆ ಎರಡು ಕೊಡ ನೀರು ಹಾಕುವುದು, ಸಂಜೆ ಪ್ಲಗ್ ಕಿತ್ತಿಡುವುದು, ಒಂದು ಕಟ್ಟಡದಿಂದ ಇನ್ನೊಂದಕ್ಕೆ ತಾಮ್ರದ ಕೇಬಲ್ ಬದಲು ಫೈಬರ್ ಎಳೆಯುವುದು ಕಡಿಮೆ ಖರ್ಚಿನ ಕೆಲಸಗಳು. ಫೈಬರಿನಲ್ಲಿ ವಿದ್ಯುತ್ ಹರಿಯುವುದಿಲ್ಲವಾದ್ದರಿಂದ ಒಂದು ಕಟ್ಟಡಕ್ಕೆ ಬಡಿದ ಸಿಡಿಲಿನ ಪೆಟ್ಟು ಆ ದಾರಿಯಿಂದ ಇನ್ನೊಂದಕ್ಕೆ ದಾಟುವುದಿಲ್ಲ.

ಇದೆಲ್ಲ ಸರಿಯಾದ ಮೇಲೂ ಸಂಪರ್ಕ ಕೆಲವೊಮ್ಮೆ ಕಡಿಯುತ್ತದೆ. ಆದ್ದರಿಂದ ಪ್ರತಿ ಶಾಲೆಯಲ್ಲೂ ಪಾಠಗಳನ್ನು ಒಳಗೇ ಇಟ್ಟುಕೊಳ್ಳುವ ಒಂದು ಸಣ್ಣ ಸರ್ವರ್ ಇರಬೇಕೆಂದು ನಾನು ಬಲವಾಗಿ ನಂಬುತ್ತೇನೆ. ಹಳೆಯ ಕಂಪ್ಯೂಟರೋ ರಾಸ್ಪ್‌ಬೆರಿ ಪೈ ಎಂಬ ಅಂಗೈಯಗಲದ ಪುಟ್ಟ ಕಂಪ್ಯೂಟರೋ ಇದ್ದರೆ ಸಾಕು. ಕೊಲಿಬ್ರಿ, ಕಿವಿಕ್ಸ್ ಎಂಬ ಉಚಿತ ತಂತ್ರಾಂಶಗಳು ಇಂಟರ್ನೆಟ್ ಇಲ್ಲದೆಯೇ ಶಾಲೆಯ ವೈಫೈ ಮೂಲಕ ಟ್ಯಾಬ್‌ಗಳಿಗೆ ಪಾಠ ತಲುಪಿಸುತ್ತವೆ. ಕಿವಿಕ್ಸ್‌ನಲ್ಲಿ ಕನ್ನಡ ವಿಕಿಪೀಡಿಯ ಪೂರ್ತಿಯಾಗಿ ಸಿಗುತ್ತದೆ. ಉರ್ದು, ಮರಾಠಿ ವಿಕಿಪೀಡಿಯಗಳೂ ಇರುವುದರಿಂದ ಬೀದರಿನ ಔರಾದ್, ಭಾಲ್ಕಿ ಕಡೆಯ ಮರಾಠಿ ಶಾಲೆಗಳಿಗೂ ಕಲಬುರಗಿ ನಗರದ ಉರ್ದು ಶಾಲೆಗಳಿಗೂ ಅದೇ ವ್ಯವಸ್ಥೆ ನಡೆಯುತ್ತದೆ. ಒಮ್ಮೆ ಇಳಿಸಿಕೊಂಡ ವಿಡಿಯೊವನ್ನು ಎಷ್ಟು ಮಕ್ಕಳು ನೋಡಿದರೂ ಹೊರಗಿನ ಡೇಟಾ ಖರ್ಚಾಗುವುದಿಲ್ಲ.

ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಸದಸ್ಯರಿಗೂ ಮುಖ್ಯ ಶಿಕ್ಷಕರಿಗೂ ನನ್ನ ವಿನಂತಿ ಇಷ್ಟೆ. ಸ್ಮಾರ್ಟ್ ಬೋರ್ಡಿಗೆ ಬೇಡಿಕೆ ಬರೆಯುವ ಕಾಗದದಲ್ಲಿಯೇ ಅರ್ಥಿಂಗ್, ತರಗತಿಯವರೆಗಿನ ಕೇಬಲ್, ಐದು ವರ್ಷದ ಇಂಟರ್ನೆಟ್ ಬಾಡಿಗೆ, ಬ್ಯಾಟರಿ ಬದಲಾವಣೆ ಇವಿಷ್ಟಕ್ಕೂ ಅಂದಾಜು ವೆಚ್ಚ ಸೇರಿಸಿ. ಮೊತ್ತ ಹೆಚ್ಚಾಯಿತು ಎಂದು ಮೇಲಿನಿಂದ ಆಕ್ಷೇಪ ಬಂದರೆ ಎರಡು ಬೋರ್ಡುಗಳ ಜಾಗದಲ್ಲಿ ಒಂದನ್ನೇ ಕೇಳಿ, ಆದರೆ ಈ ಬಾಬುಗಳನ್ನು ತೆಗೆಯಬೇಡಿ.