ಪ್ಯಾಕೇಜ್ ಲೋಡ್ ಆಗುವಾಗಲೇ ಕ್ಲಾಸ್‌ಗಳ ಸಂಬಂಧವನ್ನು ಪರೀಕ್ಷಿಸುವುದು

ಕೃಷ್ಣರಾಜಸಾಗರದ ನೀರಿನ ಮಟ್ಟದ ದತ್ತಾಂಶವನ್ನು ವಿಶ್ಲೇಷಿಸಲು ಮೈಸೂರಿನಲ್ಲಿ ನಾವು ಕೆಲವರು ಆರ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಒಂದು ಪ್ಯಾಕೇಜ್ (ಫಂಕ್ಷನ್‌ಗಳ ಕಟ್ಟು) ಬರೆಯುತ್ತಿದ್ದೇವೆ. ಅದರಲ್ಲಿ ‘ಅಳತೆ’ ಎಂಬುದು ಮೂಲ ಎಸ್4 ಕ್ಲಾಸ್, ಎಂದರೆ ರಚನೆಯನ್ನು ಮೊದಲೇ ಘೋಷಿಸಿದ ದತ್ತಾಂಶದ ಮಾದರಿ. ‘ಜಲಮಟ್ಟ’ ಅದರ ರಚನೆಯನ್ನು ಪಡೆದುಕೊಳ್ಳುವ ಉಪಕ್ಲಾಸ್. ಈ ಸಂಬಂಧ ಸರಿಯಾಗಿದೆಯೇ ಎಂಬುದನ್ನು, ಬಳಸುವವರು ಲೆಕ್ಕಕ್ಕೆ ತೊಡಗುವ ಮುನ್ನ, ಪ್ಯಾಕೇಜ್ ಲೋಡ್ ಆಗುವ ಹಂತದಲ್ಲೇ ಪರೀಕ್ಷಿಸಬೇಕೆಂಬುದು ನನ್ನ ದೃಢ ಅಭಿಪ್ರಾಯ.

ಈ ಪರೀಕ್ಷೆಯನ್ನು, ಪ್ಯಾಕೇಜ್ ಲೋಡ್ ಆಗುವಾಗ ಆರ್ ತಾನಾಗಿ ನಡೆಸುವ ಡಾಟ್‌ಆನ್‌ಲೋಡ್ (.onLoad) ಫಂಕ್ಷನ್ನಿನೊಳಗೆ ಬರೆಯಬೇಕೆಂದು ಮೊದಲಿಗೆ ತೋರುವುದು ಸಹಜ. ಆದರೆ ಅದು ನಡೆಯುವ ಹೊತ್ತಿಗೆ ಪ್ಯಾಕೇಜಿನ ಕ್ಲಾಸ್ ಮತ್ತು ಮೆಥಡ್‌ಗಳ (ಕ್ಲಾಸ್‌ಗೆ ತಕ್ಕಂತೆ ನಡೆಯುವ ಫಂಕ್ಷನ್‌ಗಳ) ವಿವರಗಳು ಆರ್‌ನ ಕ್ಯಾಶ್‌ಗೆ (ತ್ವರಿತ ಬಳಕೆಯ ಸಂಗ್ರಹಕ್ಕೆ) ಇನ್ನೂ ಸೇರಿರುವುದಿಲ್ಲ. ಸೆಟ್‌ಲೋಡ್‌ಆಕ್ಷನ್ (setLoadAction) ಫಂಕ್ಷನ್ನಿನ ಮೂಲಕ ನೋಂದಾಯಿಸಿದ ಕೆಲಸವಾದರೋ ಅವು ಸೇರಿದ ಮೇಲೆ, ನೇಮ್‌ಸ್ಪೇಸ್‌ಗೆ (ಪ್ಯಾಕೇಜಿನ ಹೆಸರುಗಳಿರುವ ಜಾಗಕ್ಕೆ) ಇನ್ನು ಬದಲಾಗದಂತೆ ಮುದ್ರೆ ಬೀಳುವ ಮುನ್ನ ನಡೆಯುತ್ತದೆ. ಆದ್ದರಿಂದ ಒಂದು ಕ್ಲಾಸ್ ಇನ್ನೊಂದರ ಉಪಕ್ಲಾಸೇ ಎಂದು ಹೇಳುವ ಎಕ್ಸ್‌ಟೆಂಡ್ಸ್ (extends) ಫಂಕ್ಷನ್ನಿಗೆ ಎರಡೂ ಕ್ಲಾಸ್‌ಗಳ ಹೆಸರು ಕೊಟ್ಟು ಕೇಳಲು ತಕ್ಕ ಜಾಗ ಅದೇ.

ಮೂಲ ಕ್ಲಾಸ್ ಬೇರೆ ಪ್ಯಾಕೇಜಿನಿಂದ ಬಂದಿದ್ದರೆ ಇನ್ನಷ್ಟು ಎಚ್ಚರ ಬೇಕು. ಏಕೆಂದರೆ ನಮ್ಮ ಪ್ಯಾಕೇಜನ್ನು ಇನ್‌ಸ್ಟಾಲ್ ಮಾಡಿದಾಗ ಮೂಲ ಕ್ಲಾಸಿನಲ್ಲಿ ಯಾವ ಸ್ಲಾಟ್‌ಗಳಿದ್ದವೋ (ದತ್ತಾಂಶವಿಡುವ ಹೆಸರುಳ್ಳ ಅಂಕಣಗಳು) ಅವನ್ನೇ ಉಪಕ್ಲಾಸಿನ ವಿವರ ಹೊತ್ತಿರುತ್ತದೆ. ಆ ಪ್ಯಾಕೇಜ್ ಮುಂದೆ ಬದಲಾದಾಗ ಇದು ತಾನಾಗಿ ಬದಲಾಗುವುದಿಲ್ಲ. ಎಕ್ಸ್‌ಟೆಂಡ್ಸ್ ಆಗಲೂ ಹೌದೆಂದೇ ಉತ್ತರಿಸಬಹುದು. ಹಾಗಾಗಿ ಎರಡರ ಸ್ಲಾಟ್‌ಗಳನ್ನೂ ಗೆಟ್‌ಸ್ಲಾಟ್ಸ್‌ (getSlots) ಫಂಕ್ಷನ್ನಿನಿಂದ ಪಡೆದು ಹೋಲಿಸಬೇಕು; ಮೂಲ ಕ್ಲಾಸಿನಿಂದ ಬಂದ ಸ್ಲಾಟ್‌ಗಳಲ್ಲಿ ವ್ಯತ್ಯಾಸ ಕಂಡರೆ ನಮ್ಮ ಪ್ಯಾಕೇಜನ್ನು ಮತ್ತೆ ಇನ್‌ಸ್ಟಾಲ್ ಮಾಡಬೇಕು.

ಆರ್‌ನ ಹಳೆಯ, ಸರಳ ಕ್ಲಾಸ್ ಪದ್ಧತಿಯಾದ ಎಸ್3ರ ವಸ್ತುಗಳಿಗೆ, ವಸ್ತುವು ಕ್ಲಾಸಿಗೆ ಸೇರಿದೆಯೇ ಎಂದು ಹೇಳುವ ಇನ್‌ಹೆರಿಟ್ಸ್ (inherits) ಫಂಕ್ಷನ್ ಸಾಕು. ಕ್ಲಾಸಿನ ಹೆಸರನ್ನು ಸಮಚಿಹ್ನೆಯಿಂದ (==) ಹೋಲಿಸುವುದು ಮಾತ್ರ ಬೇಡ: 2020ರಲ್ಲಿ ಬಂದ ಆರ್‌ನ 4.0.0 ಆವೃತ್ತಿಯಿಂದ ಮ್ಯಾಟ್ರಿಕ್ಸ್ (ಸಾಲು-ಕಂಬಗಳ ಕೋಷ್ಟಕ) ವಸ್ತುವು ಅರೇ (ಹಲವು ಆಯಾಮಗಳ ಕೋಷ್ಟಕ) ಕ್ಲಾಸಿಗೂ ಸೇರಿರುವುದರಿಂದ ಆ ಹೋಲಿಕೆಗೆ ಒಂದಲ್ಲ, ಎರಡು ಉತ್ತರಗಳು ಬರುತ್ತವೆ.