ಹಳೇ ಮೌಸರಿಗೆ ಯಾವ ರಿಂಗು?

ಹಾವೇರಿ, 14 ಡಿಸೆಂಬರ್ 2025, ಭಾನುವಾರ

ಕಾಕಾನ ಮೌಸರ್ ರೈಫಲ್ಲಿಗೆ ಸ್ಕೋಪ್ (ಗುರಿ ನೋಡುವ ದುರ್ಬೀನು) ಕೂರಿಸುವ ಕೆಲಸ ಇವತ್ತು ಮುಗಿಯಿತು. ಕೂರಿಸುವುದಕ್ಕಿಂತ ಯಾವ ಮೌಂಟು (ಸ್ಕೋಪನ್ನು ರೈಫಲ್ಲಿಗೆ ಹಿಡಿಸುವ ಜೋಡಣೆ), ಯಾವ ರಿಂಗು (ಅದರಲ್ಲಿ ಸ್ಕೋಪಿನ ಕೊಳವೆ ಸುತ್ತ ಹಿಡಿಯುವ ಬಳೆ) ಅಂತ ತೀರ್ಮಾನಿಸುವುದಕ್ಕೇ ಹೆಚ್ಚು ಹೊತ್ತು ಹಿಡಿಯಿತು.

ರೈಫಲ್ .275 ಬೋರಿನದು (ನಳಿಗೆಯ ಒಳ ಅಗಲ, ಇಂಚಿನಲ್ಲಿ), ಅಂದರೆ 7×57 ಮೌಸರ್ ಗುಂಡು. ಚಂಪಾವತದ ನರಭಕ್ಷಕ ಹುಲಿಯನ್ನು ಹೊಡೆದದ್ದಕ್ಕೆ 1907ರಲ್ಲಿ ಬೇಟೆಗಾರ ಜಿಮ್ ಕಾರ್ಬೆಟ್‌ಗೆ ಉಡುಗೊರೆಯಾಗಿ ಬಂದ ರಿಗ್ಬಿ ಕಂಪನಿಯ ರೈಫಲ್ಲೂ ಇದೇ ಬೋರಿನದು. 1972ರ ವನ್ಯಜೀವಿ ಕಾಯ್ದೆಯ ನಂತರ ಬೇಟೆ ನಿಂತಿತು. ರಾಣೆಬೆನ್ನೂರಿನ ಕುರುಚಲು ಕಾಡಿನಲ್ಲಿ ಕೃಷ್ಣಮೃಗಗಳ ಹಿಂಡು ಕಂಡಾಗೆಲ್ಲ ನಿಂತದ್ದೇ ಸರಿ ಅನಿಸುತ್ತದೆ. ಕಾಕಾ ಈಗ ಹೊಡೆಯುವುದು ರೇಂಜಿನಲ್ಲಿ, ಕಾಗದದ ಗುರಿಗೆ. ವಯಸ್ಸಾದ ಕಣ್ಣಿಗೆ ನಳಿಗೆಯ ಮೇಲಿನ ಕಬ್ಬಿಣದ ಸೈಟಿನ ಹಿಂದಿನ ಎಲೆ, ಮುಂದಿನ ಮಣಿ, ದೂರದ ಗುರಿ ಮೂರೂ ಒಮ್ಮೆಲೇ ಸ್ಪಷ್ಟವಾಗಿ ಕಾಣುವುದಿಲ್ಲ, ಹಾಗಾಗಿ ಸ್ಕೋಪು.

ನಳಿಗೆಯ ಹಿಂದೆ ಬೋಲ್ಟ್ ಕೂರುವ ಉಕ್ಕಿನ ಮೈ, ಅಂದರೆ ರಿಸೀವರಿನ ಮೇಲೆ ಹಿಂದಿನ ಮಾಲೀಕರು ಎಂದೋ ನಾಲ್ಕು ತೂತು ಕೊರೆಸಿ, ಸ್ಕ್ರೂ ಹಾಕಿ ಮುಚ್ಚಿದ್ದರು. ಸ್ಕೋಪಿಗೆ ತಾಗದಂತೆ ಬೋಲ್ಟಿನ (ಗುಂಡು ತುಂಬಲು ಹಿಂದೆಮುಂದೆ ಎಳೆಯುವ ಭಾಗ) ಹಿಡಿ ಬಗ್ಗಿಸಿ, ನೆಟ್ಟಗೆ ಎದ್ದು ನಿಲ್ಲುವ ಮೌಸರ್ ಸೇಫ್ಟಿಯ (ಗುಂಡು ಹಾರದಂತೆ ತಡೆಯುವ ಕೀಲಿ) ಜಾಗದಲ್ಲಿ ತಗ್ಗಿನದೊಂದನ್ನು ಹಾಕಿಸಿದ್ದರು. ಇಷ್ಟು ಆಗಿರದಿದ್ದರೆ ನಾನು ಈ ಕೆಲಸಕ್ಕೆ ಒಪ್ಪುತ್ತಲೇ ಇರಲಿಲ್ಲ. ಹಳೇ ಮೌಸರಿಗೆ ಹೊಸ ತೂತು ಬಿದ್ದರೆ ಅದರ ಮೂಲರೂಪ ಹೋದ ಹಾಗೆ, ಮತ್ತೆ ಬರುವುದಿಲ್ಲ. ರಿಸೀವರಿನ ಮೇಲ್ಮೈ ಗಟ್ಟಿ ಮಾಡಿದ ಉಕ್ಕು, ಸಾದಾ ಡ್ರಿಲ್ ಅದರ ಮೇಲೆ ಜಾರುತ್ತದೆ. 1959ರ ಶಸ್ತ್ರಾಸ್ತ್ರ ಕಾಯ್ದೆ ಪ್ರಕಾರ ಅಂಥ ಕೆಲಸ ಲೈಸೆನ್ಸ್ ಇರುವ ಬಂದೂಕು ಮಿಸ್ತ್ರಿಯೇ ಮಾಡಬೇಕು.

ರೈಫಲ್ಲಿನ ಜೊತೆ ಬಂದ ಡಬ್ಬಿಯಲ್ಲಿ ಎರಡು ಬಗೆಯ ಮೌಂಟುಗಳಿದ್ದವು. ಒಂದು ವೀವರ್ ಮಾದರಿ: ಚಪ್ಪಟೆ ಅಲ್ಯೂಮಿನಿಯಂ ಬೇಸು (ರಿಸೀವರಿಗೆ ಬಿಗಿಯುವ ಅಡಿಪಟ್ಟಿ), ಮೇಲೆ ಅಡ್ಡ ಕಚ್ಚು. ಗಟ್ಟಿ, ಹಗುರ. ಬಿಚ್ಚಿ ಮತ್ತೆ ಹಾಕಿದರೂ ಹೆಚ್ಚುಕಡಿಮೆ ಮೊದಲಿನ ಜಾಗಕ್ಕೇ ಬರುತ್ತದೆ. ಆದರೆ ಆ ರಿಂಗಿನ ಮೇಲ್ಪಟ್ಟಿಗೆ ಒಂದೇ ಬದಿ ಸ್ಕ್ರೂ. ಬಿಗಿ ಮಾಡುವಾಗ ಸ್ಕೋಪ್ ಅದರ ಜೊತೆಗೇ ತಿರುಗಿ ಕ್ರಾಸ್‌ಹೇರ್ (ಸ್ಕೋಪಿನೊಳಗೆ ಕಾಣುವ ಗುರಿಯ + ಗೆರೆ) ವಾಲುತ್ತದೆ. ಇನ್ನೊಂದು ರೆಡ್‌ಫೀಲ್ಡ್ ಮಾದರಿ, ಪೂರಾ ಉಕ್ಕು: ಮುಂದಿನ ರಿಂಗು ಬೇಸಿನೊಳಗೆ ತಿರುಗಿ ಕೂರುತ್ತದೆ, ಹಿಂದಿನದನ್ನು ಎರಡು ಬದಿಯ ದೊಡ್ಡ ಸ್ಕ್ರೂ ಹಿಡಿಯುತ್ತವೆ.

"ಬಿಚ್ಚಾಕ ಸಸಾರ ಇರೋದು ಹಾಕಲೇ ತಮ್ಮಾ," ಅಂದ ಕಾಕಾ.

"ಬ್ಯಾಡ ಕಾಕಾ, ಈ ಸ್ಕೋಪಿಗೆ ಉಕ್ಕಿಂದ ಬೇಕು," ಅಂದೆ.

ಕಾರಣ ಸ್ಕೋಪಿನೊಳಗಿದೆ. ಅದು ನಾಲ್ಕು ಪಟ್ಟು ದೊಡ್ಡದಾಗಿ ತೋರಿಸುವ ಹಳೇ ಸ್ಕೋಪು. ಆ ಕಾಲದ ಹಲವು ಸ್ಕೋಪುಗಳಂತೆ ಇದರಲ್ಲೂ ಗುರಿ ಹೊಂದಿಸುವ ಗುಬಟಿ ತಿರುಗಿಸಿದರೆ ಕ್ರಾಸ್‌ಹೇರ್ ನೋಟದ ನಟ್ಟನಡುವಿನಿಂದ ಪಕ್ಕಕ್ಕೆ ಸರಿದು ಕಾಣುತ್ತದೆ. ಕೈಯಿಂದ ಕೊರೆದ ತೂತುಗಳು ನಳಿಗೆಯ ನೇರಕ್ಕೆ ಕೂದಲೆಳೆಯಷ್ಟು ತಪ್ಪಿದ್ದರೂ ಸಾಕು, ಆ ಸೊಟ್ಟನ್ನೆಲ್ಲ ಗುಬಟಿಯಿಂದಲೇ ಸರಿಪಡಿಸಲು ಹೋದರೆ ಕ್ರಾಸ್‌ಹೇರ್ ಮೂಲೆ ಸೇರುತ್ತದೆ. ರೆಡ್‌ಫೀಲ್ಡ್ ಮಾದರಿಯಲ್ಲಿ ಹಿಂದಿನ ಎರಡು ಸ್ಕ್ರೂ ಹಿಂದೆಮುಂದೆ ಮಾಡಿ ಇಡೀ ಸ್ಕೋಪನ್ನೇ ಎಡಬಲಕ್ಕೆ ಸರಿಸಬಹುದು. ಗುಬಟಿ ಮುಟ್ಟುವ ಮೊದಲೇ ಅಡ್ಡದ ನೇರ ಸಿಗುತ್ತದೆ.

ಎತ್ತರದ ಲೆಕ್ಕ ಇನ್ನೂ ಮುಖ್ಯ. ಈ ರೈಫಲ್ಲಿನ ಸ್ಟಾಕ್ (ಹೆಗಲಿಗೆ ಒತ್ತುವ ಮರ) ಕಬ್ಬಿಣದ ಸೈಟಿಗೆಂದು ಕೆತ್ತಿದ್ದು, ಕೆನ್ನೆ ಊರುವ ಜಾಗ ತಗ್ಗಿನಲ್ಲಿದೆ. ಸ್ಕೋಪ್ ಎತ್ತರವಾದರೆ ಕೆನ್ನೆ ಮರ ಬಿಟ್ಟು, ಗದ್ದ ಊರಿ ಹೊಡೆಯಬೇಕಾಗುತ್ತದೆ, ಪ್ರತಿ ಸಲ ಕಣ್ಣು ಬೇರೆ ಜಾಗದಲ್ಲಿ. ಮುಂದಿನ ಗಾಜಿನ ಕಡೆಯ ಹೊರ ಅಗಲ 38 ಮಿ.ಮೀ., ಅರ್ಧ 19. ಎರಡು ಮಿ.ಮೀ. ಸಂದು ಬಿಟ್ಟರೆ ನಳಿಗೆಯ ಮೇಲ್ಮೈಯಿಂದ ಸ್ಕೋಪಿನ ನಡುಗೆರೆಗೆ 21 ಮಿ.ಮೀ. ಸಾಕು. ತಗ್ಗಿನ ರಿಂಗು ಹಾಕಿ, ನಳಿಗೆ ಮತ್ತು ಸ್ಕೋಪಿನ ನಡುವೆ ಪೋಸ್ಟ್‌ಕಾರ್ಡ್ ತೂರಿಸಿ ನೋಡಿದೆ, ಆರಾಮಾಗಿ ಹೋಯಿತು. ಬೋಲ್ಟ್ ಎತ್ತಿದಾಗ ಹಿಡಿಯೂ ತಾಗಲಿಲ್ಲ.

ಡಬ್ಬಿಯಲ್ಲಿ ಇನ್ನೊಂದು ಜರ್ಮನ್ ಸ್ಕೋಪಿತ್ತು, ಗಾಜು ಇದಕ್ಕಿಂತ ಚಂದ. ಆದರೆ ಅದರ ಕೊಳವೆ 26 ಮಿ.ಮೀ., ರಿಂಗು ಒಂದಿಂಚು ಅಂದರೆ 25.4. ಒತ್ತಿ ಬಿಗಿದರೆ ಕೊಳವೆ ನಗ್ಗುತ್ತದೆ. ಅದನ್ನು ಹಾಗೇ ಬಟ್ಟೆ ಸುತ್ತಿಟ್ಟೆವು.

ಮುಂದಿನ ರಿಂಗನ್ನು ತಿರುಗಿಸಿ ಕೂರಿಸಲು ಕೆಲವರು ಸ್ಕೋಪನ್ನೇ ಸನ್ನೆಗೋಲಿನಂತೆ ಬಳಸುತ್ತಾರೆ. ಖಂಡಿತ ಹಾಗೆ ಮಾಡಬಾರದು, ಕೊಳವೆ ಬಾಗುತ್ತದೆ. ಒಂದಿಂಚಿನ ದುಂಡು ಕಟ್ಟಿಗೆ ಹಾಕಿ ತಿರುಗಿಸಿದೆ. ಬೋಲ್ಟ್ ತೆಗೆದು, ನಳಿಗೆಯೊಳಗಿಂದ ಹೊಲದ ಬದುವಿನ ಸುಣ್ಣದ ಕಲ್ಲು ನೋಡಿ, ಅದೇ ಕಲ್ಲಿಗೆ ಕ್ರಾಸ್‌ಹೇರ್ ತಂದೆ. ಕಣ್ಣಿಗೂ ಸ್ಕೋಪಿಗೂ ಮೂರೂವರೆ ಇಂಚು ಬಿಟ್ಟೆ. ರಿಂಗಿನ ಸ್ಕ್ರೂಗಳಿಗೆ 15 ಇಂಚ್-ಪೌಂಡ್ ಬಿಗಿ ಸಾಕು. ಬೇಸಿನ ಸ್ಕ್ರೂಗಳ ಎಣ್ಣೆ ಒರೆಸಿ ನೀಲಿ ಲಾಕ್‌ಟೈಟ್ (ಸ್ಕ್ರೂ ಸಡಿಲಾಗದಂತೆ ಹಿಡಿಯುವ ಅಂಟು) ಹಚ್ಚಿದ್ದೇನೆ. ಪೂರ್ತಿ ಗಟ್ಟಿಯಾಗಲು 24 ತಾಸು ಬೇಕು. ನಾಳೆ ಸಂಜೆತನಕ ಮುಟ್ಟಬೇಡ ಅಂತ ಕಾಕಾಗೆ ಹೇಳಿ ಬಂದಿದ್ದೇನೆ.