ಫಾಲ್ಸ್ ಸೀಲಿಂಗ್ ಮೇಲೆ ಒಂದು ಮನೆ

ಹೋದ ಶ್ರಾವಣದಲ್ಲಿ ಚಿಕ್ಕಪೇಟೆಯ ಒಂದು ಸೀರೆ ಅಂಗಡಿಯಿಂದ ಫೋನ್ ಬಂತು. ಮಧ್ಯಾಹ್ನವಾದರೆ ಲೈಟು ಮಿಣಮಿಣ ಅನ್ನುತ್ತದೆ, ಸುಟ್ಟ ವಾಸನೆ ಬೇರೆ ಬರುತ್ತಿದೆ, ಬೇಗ ಬನ್ನಿ ಅಂದರು. ಹೋಗಿ ಏಣಿ ಹಾಕಿದೆ. ಫಾಲ್ಸ್ ಸೀಲಿಂಗಿನ ಒಂದು ಚೌಕ ಸರಿಸಿ ಟಾರ್ಚ್ ಬಿಟ್ಟೆ. ಕಣ್ಣೆದುರಿಗೇ ಮರದ ಬೋದಿಗೆ! ಕಂಬದ ತಲೆಯಿಂದ ಬಾಳೆ ಹೂವಿನ ಹಾಗೆ ಇಳಿಬಿದ್ದಿರುವ ಕೆತ್ತನೆ. ಅದರ ಮೇಲೆ ತೊಲೆ, ತೊಲೆಯ ಮೇಲೆ ಸಾಲಾಗಿ ಜಂತೆ. ಕೆಳಗೆ ಅದೇ ಕಂಬಕ್ಕೆ ಪ್ಲೈವುಡ್ ಹೊಡೆದು ಕನ್ನಡಿ ಅಂಟಿಸಿದ್ದರು. ಅಲ್ಲೊಂದು ಕಂಬ ಇದೆ ಅಂತ ಅಂಗಡಿಯ ಹುಡುಗರಿಗೇ ಗೊತ್ತಿರಲಿಲ್ಲ.

ನಾನು 22 ವರ್ಷದಿಂದ ಪೇಟೆಯಲ್ಲಿ ವೈರಿಂಗ್ ಕೆಲಸ ಮಾಡುತ್ತಿದ್ದೇನೆ. ಗಿರಾಕಿಗಳು ಅಂಗಡಿಯನ್ನು ಕೆಳಗಿನಿಂದ ನೋಡುತ್ತಾರೆ. ನಾನು ಮೇಲಿನಿಂದ ನೋಡುತ್ತೇನೆ. ಮೇಲಿನಿಂದ ನೋಡಿದರೆ ಅದು ಇನ್ನೂ ಮನೆಯೇ.

ಮನೆ ಅಂಗಡಿಯಾಯಿತು ಅಂತ ನನಗೆ ಬೇಸರವಿಲ್ಲ. 1537ರಲ್ಲಿ ಕೆಂಪೇಗೌಡರು ಕಟ್ಟಿಸಿದ ಊರು ಇದು. ಅಕ್ಕಿಪೇಟೆ, ಬಳೇಪೇಟೆ, ತರಗುಪೇಟೆ ಅಂತ ಹೆಸರಲ್ಲೇ ವ್ಯಾಪಾರ ಇದೆ. ಜಗಲಿಯಲ್ಲಿ ವ್ಯಾಪಾರ, ಒಳಗೆ ಸಂಸಾರ. ಎಷ್ಟೋ ಹಳೇ ಸೀರೆ ಅಂಗಡಿಗಳಲ್ಲಿ ಈಗಲೂ ಹೊಸ್ತಿಲಲ್ಲಿ ಚಪ್ಪಲಿ ಬಿಟ್ಟು, ಬಿಳಿ ಬಟ್ಟೆ ಹಾಸಿದ ಗಾದಿ ಮೇಲೆ ಕೂರುತ್ತೇವಲ್ಲ, ಅದು ನಡುಮನೆಯಲ್ಲಿ ಕೂತ ಹಾಗೇ ಅಲ್ವಾ? ಈ ಅಂಗಡಿಯಲ್ಲೂ ಹಾಗೇ ಇದೆ. ಗೋಡೆಯಲ್ಲಿ ದೀಪ ಇಡುತ್ತಿದ್ದ ಗೂಡಿನ ಕೆಳಗೇ ಗಲ್ಲಾಪೆಟ್ಟಿಗೆ. ಹಿಂದಿನ ಅಡುಗೆಮನೆ ಈಗ ಗೋಡೌನ್. ಅಲ್ಲಿನ ಜಂತೆಗಳಿಗೆ ಹಳೇ ಒಲೆಯ ಮಸಿ ಇನ್ನೂ ಮೆತ್ತಿಕೊಂಡಿದೆ.

ನನ್ನ ಸಂಕಟ ಇರುವುದು ತೊಟ್ಟಿಯ ವಿಷಯದಲ್ಲಿ. ತೊಟ್ಟಿ ಅಂದರೆ ಮನೆಯ ನಡುವೆ ಆಕಾಶಕ್ಕೆ ತೆರೆದಿರುವ ಅಂಗಳ.

ಶಿವನಸಮುದ್ರದ ಕರೆಂಟು ಬೆಂಗಳೂರಿಗೆ ಬಂದಿದ್ದು 1905ರಲ್ಲಿ. ಈ ಥರದ ಮನೆಗಳನ್ನು ಕಟ್ಟುವ ರೀತಿ ಅದಕ್ಕಿಂತ ಹಳೆಯದು. ಹಗಲು ದೀಪವಿಲ್ಲದೆ ಬದುಕೋ ಹಾಗೆ ಕಟ್ಟುತ್ತಿದ್ದರು. ಪೇಟೆಯ ಮನೆ ಅಗಲ ಕಮ್ಮಿ, ಉದ್ದ ಜಾಸ್ತಿ. ಎರಡೂ ಪಕ್ಕದಲ್ಲಿ ಬೇರೆಯವರ ಮನೆ ತಾಗಿಕೊಂಡೇ ಇರುತ್ತದೆ. ಪಕ್ಕದಲ್ಲಿ ಕಿಟಕಿ ಇಡೋಕೆ ಜಾಗವೇ ಇಲ್ಲ. ಬೆಳಕು, ಗಾಳಿ ಎರಡೂ ನಡುವಿನ ತೊಟ್ಟಿಯಿಂದಲೇ ಬರಬೇಕು. ಒಳಗಿನ ಬಿಸಿ ಗಾಳಿ ತೊಟ್ಟಿಯಿಂದ ಮೇಲಕ್ಕೆ ಹೋಗುತ್ತದೆ, ಬೀದಿ ಬಾಗಿಲಿನಿಂದ ತಣ್ಣನೆಯ ಗಾಳಿ ಒಳಗೆ ಎಳೆದುಕೊಳ್ಳುತ್ತದೆ. ಮಳೆ ಬಿದ್ದರೆ ನೀರು ತೊಟ್ಟಿಯ ಮೂಲೆಯ ತೂಬಿನಿಂದ ಹೊರಗೆ ಹೋಗುತ್ತದೆ.

ಈ ಅಂಗಡಿಯಲ್ಲಿ ತೊಟ್ಟಿಗೆ ತಗಡಿನ ಶೀಟು ಹೊದಿಸಿದ್ದರು. ಜಾಗ ಸಿಕ್ಕಿತು, ನಿಜ. ಆದರೆ ಕತ್ತಲಾಯಿತು. ಕತ್ತಲಿಗೆ ಟ್ಯೂಬ್‌ಲೈಟು, ಸೆಕೆಗೆ ಫ್ಯಾನು, ಅದೂ ಸಾಲದೆ ಎರಡು ಏಸಿ. ತಂಪು ನಿಲ್ಲಲಿ ಅಂತ ಫಾಲ್ಸ್ ಸೀಲಿಂಗ್. ಇಷ್ಟೂ ಲೋಡು ಎಂದೋ ಎಳೆದ ಸಣ್ಣ ವೈರಿನ ಮೇಲೆ. ಆ ವೈರು ಓಡುತ್ತಿದ್ದದ್ದು ಒಣಗಿದ ಜಂತೆಗಳ ನಡುವೆ, ಇಲಿ ಕಡಿದ ಜಾಗದಲ್ಲಿ ಬರೀ ತಾಮ್ರ. ಒಂದು ಜಾಯಿಂಟ್ ಕರಗಿ ಹೋಗಿತ್ತು, ಪಕ್ಕದ ಮರ ಕಪ್ಪಾಗಿತ್ತು. ಕೆಳಗೆ ರೇಷ್ಮೆ ಸೀರೆಗಳ ರಾಶಿ. ಏಣಿಯ ಮೇಲೆ ನಿಂತವನಿಗೆ ಕೈ ನಡುಗಿತು. ಮೇನ್ ಆಫ್ ಮಾಡಿಸಿ ಕೆಳಗಿಳಿದೆ.

ಇನ್ನೊಂದು ಮಾತು. ಈ ಮನೆಗಳದ್ದು ಮದ್ರಾಸ್ ತಾರಸಿ. ಜಂತೆಗಳ ಮೇಲೆ ತೆಳು ಇಟ್ಟಿಗೆಗಳನ್ನು ಓರೆಯಾಗಿ, ಅಂಚಿನ ಮೇಲೆ ನಿಲ್ಲಿಸಿ ಸುಣ್ಣದ ಗಾರೆಯಲ್ಲಿ ಕೂರಿಸುತ್ತಾರೆ. ಅದರ ಮೇಲೆ ಇಟ್ಟಿಗೆ ಚೂರು, ಸುಣ್ಣ. ಅದನ್ನು ಹೆಂಗಸರು ಸಾಲಾಗಿ ಕೂತು ಮರದ ಹಲಗೆಯಿಂದ ದಿನಗಟ್ಟಲೆ ಬಡಿಯುತ್ತಿದ್ದರು, ಬೆಲ್ಲ ಮತ್ತು ಅಳಲೆಕಾಯಿಯ ನೀರು ಚಿಮುಕಿಸುತ್ತಾ. ಇಟ್ಟಿಗೆಗಳು ಒಂದನ್ನೊಂದು ಒತ್ತಿ ಹಿಡಿದು ನಿಂತಿರುತ್ತವೆ. ದಯವಿಟ್ಟು ಅದಕ್ಕೆ ಡ್ರಿಲ್ ಹಾಕಬೇಡಿ. ಫ್ಯಾನಿನ ಕೊಕ್ಕೆಯನ್ನು ತೊಲೆಗೇ ಹಾಕಿ. ಗೋಡೆಗೂ ಅಷ್ಟೇ. ಒಂದೂವರೆ ಅಡಿ ದಪ್ಪದ ಸುಣ್ಣದ ಗೋಡೆ ತೇವ ಎಳೆದುಕೊಂಡು ಗಾಳಿಗೆ ಬಿಡುತ್ತದೆ. ಅದರ ಮೇಲೆ ಸಿಮೆಂಟ್ ಬಳಿದರೆ ತೇವ ಒಳಗೇ ಉಳಿಯುತ್ತದೆ. ನನಗೆ ಅದು ಸ್ವಿಚ್ ಬಾಕ್ಸ್ ಬಿಚ್ಚಿದಾಗ ಗೊತ್ತಾಗುತ್ತದೆ. ಸಿಮೆಂಟ್ ಬಳಿದ ಗೋಡೆಯಲ್ಲಿ ಬಾಕ್ಸ್ ತುಕ್ಕು ಹಿಡಿದು ಪುಡಿಯಾಗಿರುತ್ತದೆ. ಅದಕ್ಕೇ ನಾನು ಹಳೇ ಗೋಡೆ ಒಡೆದು ಪೈಪ್ ಹೂಳುವುದಿಲ್ಲ, ಹೊರಗಿನಿಂದಲೇ ಕ್ಲಾಂಪ್ ಹಾಕಿ ತೆಗೆದುಕೊಂಡು ಹೋಗುತ್ತೇನೆ. ಚೆನ್ನಾಗಿ ಕಾಣಲ್ಲ ಅಂತ ಕೆಲವರು ಗೊಣಗುತ್ತಾರೆ, ಗೊಣಗಲಿ.

ಶಟರ್ ಅಗಲ ಮಾಡಲು ಮುಂದಿನ ಗೋಡೆ ಕತ್ತರಿಸಿದ ಒಂದು ಮನೆಯನ್ನೂ ನೋಡಿದ್ದೇನೆ. ಮಾಡಿಸಿದವರು ಯಾರು ಅಂತ ಹೇಳುವುದಿಲ್ಲ. ಪಕ್ಕದ ಮನೆಗೂ ಅದೇ ಗೋಡೆ ಆಸರೆ. ಅವರ ಮಾಳಿಗೆಯಲ್ಲಿ ನನ್ನ ಬೆರಳು ತೂರುವಷ್ಟು ಬಿರುಕು ಬಿಟ್ಟಿದೆ.

ಸೀರೆ ಅಂಗಡಿಯ ಮಾಳಿಗೆಯಲ್ಲಿ ಮನೆಯೊಡತಿ ಇದ್ದಾರೆ, ಎಂಬತ್ತು ದಾಟಿದ ಅಜ್ಜಿ. ವೈರು ಹಾಕಲು ಮೇಲೆ ಹೋದಾಗ ಕಾಫಿ ಕೊಟ್ಟರು. ಕರಗದ ರಾತ್ರಿ ಈ ಬಾಲ್ಕನಿಯಿಂದಲೇ ಮಲ್ಲಿಗೆ ಎಸೆಯುತ್ತಿದ್ದೆವು ಅಂದರು. ಆಮೇಲೆ ಶೀಟಿನ ಕಡೆ ಕೈ ತೋರಿಸಿದರು.

"ಅಲ್ಲಿ ಬಗ್ಗಿ ನೋಡಿದ್ರೆ ಕೆಳಗೆ ನಮ್ಮತ್ತೆ ಅಕ್ಕಿ ಆರಿಸ್ತಿದ್ದದ್ದು ಕಾಣ್ತಿತ್ತು ಕಣಪ್ಪಾ. ಮುಚ್ಚಿಬಿಟ್ರು. ಈಗ ಕೆಳಗೆ ಯಾರಿದಾರೆ ಅಂತಾನೇ ಗೊತ್ತಾಗಲ್ಲ."

ನಾನು ಅಂಗಡಿಯವರ ಹತ್ತಿರ ಕೂತು ಲೆಕ್ಕ ಹಾಕಿದೆ. ಹೊಸ ವೈರಿಂಗ್, ಇನ್ನೊಂದು ಏಸಿ, ತಿಂಗಳ ಬಿಲ್ಲು. ಅದೇ ದುಡ್ಡಲ್ಲಿ ಶೀಟು ತೆಗೆದು ದಪ್ಪ ಗಾಜು ಹಾಕಬಹುದು ಅಂದೆ. ಗಾಜನ್ನು ಸೂರಿಗಿಂತ ಒಂದೂವರೆ ಅಡಿ ಎತ್ತರದಲ್ಲಿ ಕೂರಿಸಬೇಕು. ಸುತ್ತಲೂ ಗಾಳಿಗೆ ಜಾಗ ಬಿಡಬೇಕು. ಅವರು ಎರಡು ದಿನ ಯೋಚನೆ ಮಾಡಿ, ಸರಿ ಅಣ್ಣಾ ಅಂದರು. ಪ್ಲೈವುಡ್ಡನ್ನೂ ಬಿಚ್ಚಿಸಿದರು. ನಾಲ್ಕು ಕಂಬ ಹೊರಗೆ ಬಂದವು. ದೀಪಾವಳಿಗೆ ಮುಂಚೆ ಕೆಲಸ ಮುಗಿಯಿತು.

ಮೊನ್ನೆ ಹೋಗಿದ್ದೆ. ಮಧ್ಯಾಹ್ನ ಹನ್ನೆರಡರ ಹೊತ್ತು. ತೊಟ್ಟಿಯ ಸುತ್ತ ಒಂದು ಟ್ಯೂಬ್‌ಲೈಟೂ ಉರಿಯುತ್ತಿರಲಿಲ್ಲ. ಮೊದಲೆಲ್ಲ ಹೆಂಗಸರು ನಿಜವಾದ ಬಣ್ಣ ನೋಡಲು ಸೀರೆ ಹಿಡಿದುಕೊಂಡು ಬೀದಿ ಬಾಗಿಲಿಗೆ ಹೋಗುತ್ತಿದ್ದರು. ಈಗ ಒಬ್ಬ ತಾಯಿ, ಮಗಳು ತೊಟ್ಟಿಯ ನಡುವೆ ನಿಂತು ಒಂದು ಮಾವಿನಕಾಯಿ ಹಸಿರಿನ ಸೀರೆ ಬಿಡಿಸಿ ಹಿಡಿದಿದ್ದರು. ಮೇಲಿಂದ ಅಜ್ಜಿ ಬಗ್ಗಿ ನೋಡಿ, "ಅದಕ್ಕಿಂತ ಪಕ್ಕದ್ದು ಚೆನ್ನಾಗಿದೆ ನೋಡಮ್ಮಾ" ಅಂದರು.